ಎರಡನೇ ಬಾಯ್ಲರ್ ಆರಿಸಿದವರು

ಯೋಜನೆಗೆ ವಯಸ್ಸಾಗುವುದಿಲ್ಲ. ಎಷ್ಟು ಸಲ ಮುಂದಕ್ಕೆ ಹಾಕಿದರೂ ಅದು ಹೊಸ ರಟ್ಟು ಹೊದ್ದುಕೊಂಡು ಮದುಮಗನಂತೆ ಬಂದು ನಿಲ್ಲುತ್ತದೆ. ವಯಸ್ಸಾಗುವುದು ಮನುಷ್ಯರಿಗೆ. ಬೆಂಕಿ ಮೇಸ್ತ್ರಿಯ ಮಗಳಿಗೆ ಬರುವ ಬೇಸಿಗೆಗೆ ಇಪ್ಪತ್ತೆಂಟು ತುಂಬುತ್ತಿತ್ತು. ಇಪ್ಪತ್ತೆಂಟು ತುಂಬಿದವರಿಗೆ ಗಾಳಿಯಂತ್ರದ ಕೆಲಸವಿಲ್ಲ ಎಂದು ರಾಷ್ಟ್ರೀಯ ಇಂಧನ ಯೋಜನೆಯಲ್ಲಿ ಕಡ್ಡಿ ಮುರಿದಂತೆ ಬರೆದಿತ್ತು. ಮೇಸ್ತ್ರಿಯ ನಿದ್ದೆ ಕೆಡಿಸಿದ್ದು ಇಷ್ಟೇ. ದೇಶದ ಚಿಂತೆ ಅವನಿಗಿರಲಿಲ್ಲ, ದೇಶಕ್ಕೆ ಚಿಂತೆ ಮಾಡುವವರು ಬೇಕಾದಷ್ಟು ಜನ ಇದ್ದರು.

ಬೆಂಕಿ ಮೇಸ್ತ್ರಿ ಎಂಬುದು ಕಾಲೊನಿಯವರು ಇಟ್ಟ ಹೆಸರು. ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಹಳೆಯ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಮನೆ ಅವನ ಸುಪರ್ದಿಯಲ್ಲಿತ್ತು. ಬಾಯ್ಲರ್‌ಗಳು ಎರಡು. ಮೊದಲನೆಯದನ್ನು ಹಿಂದೊಮ್ಮೆ ದುರಸ್ತಿಗೆಂದು ಪೂರ್ತಿ ಆರಿಸಿ ತಣ್ಣಗಾಗಲು ಬಿಟ್ಟಿದ್ದರು. ಮತ್ತೆ ಹೊತ್ತಿಸಿದಾಗ ಅದರ ಸವೆದ ಕೊಳವೆಗಳು ಒಂದಾದ ಮೇಲೊಂದು ಬಿರುಕು ಬಿಟ್ಟು ಅದು ಅಲ್ಲೇ ಸತ್ತಿತು. ಅಂದಿನಿಂದ ಎರಡನೆಯದನ್ನು ಯಾರೂ ತಣ್ಣಗಾಗಲು ಬಿಟ್ಟಿರಲಿಲ್ಲ. ದುರಸ್ತಿ ಇದ್ದರೂ ಸಣ್ಣ ಉರಿ ಇಟ್ಟು ಬಾಣಂತಿಯಂತೆ ಬೆಚ್ಚಗೆ ನೋಡಿಕೊಳ್ಳುತ್ತಿದ್ದರು. ಪಾಳಿ ಮುಗಿಸಿ ಹೋಗುವವನು ಒಲೆಯ ಬಾಗಿಲ ಬಳಿ ನಿಂತು "ಉರೀತಾ ಇದೆ" ಅನ್ನಬೇಕು, ಬಂದವನು "ಉರೀಲಿ" ಅನ್ನಬೇಕು. ಇಬ್ಬರ ನಡುವೆ ಮುಖ ನೋಡದಷ್ಟು ಜಗಳವಿದ್ದರೂ ಈ ಮಾತು ತಪ್ಪುವಂತಿರಲಿಲ್ಲ.

ಯೋಜನೆ ಹೇಳಿದ್ದು ಸರಳವಾಗಿತ್ತು. ಹೊಗೆ ಕಾರುವ ಈ ಸ್ಥಾವರ ನಿಲ್ಲಬೇಕು, ಹಿಂದಿನ ಗುಡ್ಡದ ಮೇಲೆ ಗಾಳಿಯಂತ್ರಗಳು ಏಳಬೇಕು. ಊರಿನಿಂದ ಹೊರಗೆ ಕರೆಂಟು ಸಾಗಿಸುವ ತಂತಿ ಒಂದೇ ಆದ್ದರಿಂದ ಇದು ನಿಂತ ಮೇಲೇ ಅದು ಶುರು. ಕೆಲಸ ಕಾಲೊನಿಯ ಮಕ್ಕಳಿಗೆ. ಸ್ಥಾವರ ನಿಂತ ದಿನ ಯಾರ ವಯಸ್ಸು ಎಷ್ಟಿದೆಯೋ ಅದೇ ಲೆಕ್ಕ. ಗೇಟಿನ ಪಕ್ಕ ಇದಕ್ಕೆಂದೇ ದೊಡ್ಡ ಚಿತ್ರ ಹಾಕಿದ್ದರು: ಹಳದಿ ಹೆಲ್ಮೆಟ್ಟಿನ ಹುಡುಗ ಹುಡುಗಿ, ಇಬ್ಬರಿಗೂ ಮೂವತ್ತೆರಡೂ ಹಲ್ಲು ಕಾಣುವ ನಗು. ಬೂದಿ ಕೂತು ಕೂತು ಆ ಹಲ್ಲುಗಳು ಈಗ ಹೊಗೆಸೊಪ್ಪು ಜಗಿಯುವವರ ಹಲ್ಲಿನಂತಾಗಿದ್ದವು.

ಮಗಳು ಎರಡು ವರ್ಷದ ತರಬೇತಿ ಮುಗಿಸಿದ್ದಳು. ತರಬೇತಿ ಕೇಂದ್ರದಲ್ಲಿ ಗಾಳಿಯಂತ್ರ ಇರಲಿಲ್ಲ. ಮಾಸ್ತರು ತರಗತಿಯ ಸೀಲಿಂಗ್ ಫ್ಯಾನ್ ತೋರಿಸಿ "ಇದೇ ಅಂತ ತಿಳ್ಕೊಳ್ಳಿ, ಆದ್ರೆ ಮಲಗಿರೋದನ್ನ ನಿಲ್ಲಿಸಿದಂಗೆ" ಎಂದು ಪಾಠ ಮಾಡಿದ್ದರು. ಕರೆಂಟು ಹೋದ ದಿನ ಪಾಠವೂ ಇಲ್ಲ. ಹತ್ತಲು ಮಾತ್ರ ಹಿತ್ತಲಲ್ಲಿ ಒಂದು ಎತ್ತರದ ಉಕ್ಕಿನ ಕಂಬ ನೆಟ್ಟಿದ್ದರು. ಸೊಂಟಕ್ಕೆ ತೊಡೆಗೆ ಪಟ್ಟಿ ಬಿಗಿದುಕೊಂಡು, ಕೊಕ್ಕೆ ಸಿಕ್ಕಿಸಿಕೊಂಡು ಅದನ್ನು ಹತ್ತುವುದರಲ್ಲಿ, ತುದಿಯಲ್ಲಿ ನೇತಾಡುತ್ತಲೇ ಉಕ್ಕು ಕೊಯ್ಯುವುದರಲ್ಲಿ, ಬೆಸೆಯುವುದರಲ್ಲಿ ಮೇಸ್ತ್ರಿಯ ಮಗಳನ್ನು ಮೀರಿಸುವವರು ಇರಲಿಲ್ಲ. ಬಟ್ಟೆ ಒಣಗಿಸುವ ತಂತಿ ಕಳಚಿಬಿದ್ದರೂ ಕಾಲೊನಿಯವರು ಅವಳನ್ನೇ ಕೂಗುತ್ತಿದ್ದರು. ಅವಳು ಹತ್ತಿ ಕಟ್ಟಿಕೊಟ್ಟು ಬರುತ್ತಿದ್ದಳು. ಅಷ್ಟು ಓದಿದ್ದಕ್ಕೆ ಸಿಕ್ಕ ಕೆಲಸ ಅದೊಂದೇ.

ಚಳಿಗಾಲದ ಒಂದು ಸಂಜೆ ಅವಳ ಸೋದರಮಾವ ಬಂದ. ಅವನು ಕಲ್ಲಿದ್ದಲು ಅಂಗಳದಲ್ಲಿ ಗುಮಾಸ್ತ. ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದ ಜೀವ, ಅದಕ್ಕೇ ರೇಡಿಯೋ ಎಂದು ಹೆಸರು. ಬಂದವನು ಕುರ್ಚಿ ಕೂಡ ಎಳೆದುಕೊಳ್ಳಲಿಲ್ಲ.

"ಭಾವ, ಮತ್ತೆ ಮುಂದಕ್ಕೆ ಹಾಕಿದ್ರು. ಪ್ಲಾಂಟ್ ನಿಲ್ಲಿಸೋದು ಇನ್ನು ಮುಂದಿನ ವರ್ಷದ ಕೊನೇಗಂತೆ."

ಮೇಸ್ತ್ರಿ ಮಗಳ ಕಡೆ ನೋಡಿದ. ಅವಳು ಕಿಟಕಿಯ ಬಳಿ ಕೂತು ಬೂಟಿನ ಹೊಲಿಗೆ ಬಿಗಿಮಾಡುತ್ತಿದ್ದಳು. ಸೂಜಿ ನಿಂತಿತು, ಆಮೇಲೆ ಮತ್ತೆ ನಡೆಯಿತು.

"ಮುಂದಿನ ವರ್ಷದ ಕೊನೇಗೆ ಇವಳಿಗೆ..." ಎಂದು ಮೇಸ್ತ್ರಿಯ ಹೆಂಡತಿ ಬೆರಳು ಮಡಿಸಲು ಹೋದಳು.

"ಲೆಕ್ಕ ಬೇಡ ಬಿಡಮ್ಮ" ಎಂದಳು ಮಗಳು. "ನಂಗೆ ಗೊತ್ತು."

ರೇಡಿಯೋ ಹೋಗುವಾಗ ಭಾವನನ್ನು ಹೊರಗೆ ಕರೆದು ಇನ್ನೊಂದು ಮಾತು ಹಾಕಿ ಹೋದ. "ಪ್ಲಾಂಟ್ ತಾನಾಗೇ ಕೆಟ್ಟು ನಿಂತ್ರೆ ಮುಂದಿನ ವರ್ಷದವರೆಗೆ ಕಾಯೋದಿಲ್ವಂತೆ ಭಾವ. ನಿಂತ ದಿನವೇ ಲೆಕ್ಕ. ನಾನೇನೂ ಹೇಳ್ತಿಲ್ಲಪ್ಪ, ಕೇಳಿದ್ದು ಹೇಳ್ದೆ."

ಕೆಲವು ಮಾತು ಹೀಗೇ. ಆಡಿದವನು ಮನೆಗೆ ಹೋಗಿ ಉಂಡು ಮಲಗುತ್ತಾನೆ, ಕೇಳಿದವನಿಗೆ ಊಟ ಸೇರುವುದಿಲ್ಲ.

ಕೆಲವೇ ವಾರಗಳಲ್ಲಿ ಎರಡನೇ ಬಾಯ್ಲರಿನ ಹಬೆ ಕೊಳವೆ ಸೋರಲು ಶುರುವಾಯಿತು. ಹೊಸದೇನಲ್ಲ. ಪ್ರತಿ ಚಳಿಗಾಲ ಅದು ಹೀಗೆ ಸೀನುತ್ತಿತ್ತು, ಪ್ರತಿ ಚಳಿಗಾಲ ಮೇಸ್ತ್ರಿ ಸಣ್ಣ ಉರಿಯಲ್ಲಿಟ್ಟು ತೇಪೆ ಹಾಕುತ್ತಿದ್ದ. ಈ ಸಲ ಅವನು ತೇಪೆಯ ತಗಡು ಕೈಗೆತ್ತಿಕೊಳ್ಳುವ ಬದಲು ಪಾಳಿಯವರನ್ನೆಲ್ಲ ಟೀ ಕುಡಿಯುವ ಮೂಲೆಗೆ ಕರೆದ. ಅಲ್ಲಿದ್ದ ಪ್ರತಿಯೊಬ್ಬನ ಮನೆಯಲ್ಲೂ ಮಗನೋ ಮಗಳೋ ಕೆಲಸಕ್ಕೆ ಕಾಯುತ್ತಾ ಕೂತಿದ್ದರು. ಮಾತು ಹೆಚ್ಚು ಬೇಕಾಗಲಿಲ್ಲ.

"ಆರಿಸೋಣ ಅಂತೀಯಾ?" ಎಂದು ಒಬ್ಬ ಕೇಳಿದ.

"ನಮ್ದು ಉಂಡಾಯ್ತು, ಎಲೆ ಎತ್ತೋಣ ಅಂತೀನಿ" ಎಂದ ಮೇಸ್ತ್ರಿ. "ಮಕ್ಕಳು ಹಸಿದು ನಿಂತಿದಾರೆ."

ಯಾರೂ ಬೇಡವೆನ್ನಲಿಲ್ಲ. ಕೆಲವರ ಕಣ್ಣು ಒದ್ದೆಯಾಗಿತ್ತು. ತ್ಯಾಗ ಮಾಡುವಾಗ ಮನುಷ್ಯನಿಗೆ ತನ್ನ ಮೇಲೇ ಒಂದು ಪ್ರೀತಿ ಹುಟ್ಟುತ್ತದೆ, ಆ ಪ್ರೀತಿ ಬುದ್ಧಿಗೆ ಮಂಕು ಕವಿಸುತ್ತದೆ. ನಿವೃತ್ತಿಗೆ ಇನ್ನೂ ವರ್ಷಗಳಿದ್ದ ಗಂಡಸರು ತಮ್ಮ ಅನ್ನದ ಒಲೆಯನ್ನು ತಾವೇ ಆರಿಸಲು ಒಪ್ಪಿಕೊಂಡು, ಏನೋ ಗೆದ್ದವರಂತೆ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು.

ಮನೆಯಲ್ಲಿ ಹೆಂಡತಿಗೆ ಹೇಳಿದಾಗ ಅವಳು ಸೌಟು ಕೆಳಗಿಟ್ಟಳು. "ರೀ, ಉರಿಯೋ ಒಲೆ ಆರ್ಸಿ, ಯಾರೋ ಹಚ್ತೀನಿ ಅಂದ ಒಲೆ ಮುಂದೆ ಕೂರ್ತೀರಾ? ಅವ್ರು ಹಚ್ದೇ ಹೋದ್ರೆ?"

"ಯೋಜನೆ ಕಣೇ ಅದು. ದೇಶದ್ದು. ಬಾಯಿಮಾತಲ್ಲ."

"ಬಾಯಿಮಾತಾದ್ರೆ ಆಡಿದೋರನ್ನ ಹಿಡ್ಕೊಂಡು ಕೇಳಬಹುದಿತ್ತು" ಎಂದಳು ಅವಳು. ಮೇಸ್ತ್ರಿಗೆ ಸಿಟ್ಟು ಬಂತು. ಹೆಂಗಸಿಗೆ ದೊಡ್ಡ ವಿಷಯ ಅರ್ಥವಾಗುವುದಿಲ್ಲ ಎಂದುಕೊಂಡ. ತನಗೆ ಅರ್ಥವಾಗದ್ದನ್ನು ಹೆಂಡತಿ ಹೇಳಿದಾಗಲೆಲ್ಲ ಅವನು ಹಾಗೇ ಅಂದುಕೊಳ್ಳುತ್ತಿದ್ದ.

ಮರುದಿನ ಸ್ಥಾವರದ ಮ್ಯಾನೇಜರರ ಮುಂದೆ ನಿಂತು ಹೇಳಿದ, "ಈ ಸಲ ತೇಪೆ ನಿಲ್ಲೋಲ್ಲ ಸಾರ್. ಆರ್ಸಲೇಬೇಕು."

ಮ್ಯಾನೇಜರರು ಕನ್ನಡಕ ತೆಗೆದು ಒರೆಸಿಕೊಂಡರು. ಮೇಸ್ತ್ರಿ ಇದಕ್ಕಿಂತ ದೊಡ್ಡ ತೂತು ಮುಚ್ಚಿದ್ದನ್ನು ಅವರೇ ಕಂಡಿದ್ದರು. ಅವರ ತಂಗಿಯ ಮಗನೂ ಅದೇ ತರಬೇತಿ ಮುಗಿಸಿ, ಅವರ ಮನೆಯ ವರಾಂಡದಲ್ಲೇ ಮೊಬೈಲು ತಿಕ್ಕುತ್ತಾ ಕೂತಿದ್ದ.

"ಆಗೋದೇ ಇಲ್ವಾ?"

"ಆಗೋದೇ ಇಲ್ಲ ಸಾರ್."

"ಹಾಗಾದ್ರೆ ಏನು ಮಾಡೋಕಾಗುತ್ತೆ" ಎಂದು ಮ್ಯಾನೇಜರರು ಕನ್ನಡಕ ಹಾಕಿಕೊಂಡರು. ಇಬ್ಬರೂ ಕಣ್ಣು ತಪ್ಪಿಸಿದರು.

ಆರಿಸಿದ ದಿನ ಮಧ್ಯಾಹ್ನದ ಪಾಳಿಯವನು ಬಂದು ಒಲೆಯ ಬಳಿ ನಿಂತ. ಮೇಸ್ತ್ರಿಯ ಬಾಯಿಂದ ಎಂದಿನ ಮಾತು ಹೊರಡಲಿಲ್ಲ. ಬಂದವನು ಅವನ ಭುಜದ ಮೇಲೆ ಕೈಯಿಟ್ಟು "ಹೋಗ್ಲಿ ಬಿಡು, ಮಕ್ಕಳು ಉರಿಸ್ತಾರೆ" ಎಂದ. ಹೊರಗೆ ಅಂಗಳದಲ್ಲಿ ಹುಡುಗ ಹುಡುಗಿಯರು ಕೂಗಾಡುತ್ತಾ ಕುಣಿಯುತ್ತಿದ್ದರು. ಮೇಸ್ತ್ರಿಯನ್ನು ಹೆಗಲ ಮೇಲೆ ಹೊತ್ತು ಗೇಟಿನವರೆಗೂ ಮೆರೆಸಿದರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವವರನ್ನು ನೋಡಿ ನಗುತ್ತೇವೆ, ಆದರೆ ಹೊಲಿಯುವಾಗಿನ ಸಂಭ್ರಮವನ್ನು ಯಾರೂ ಸುಳ್ಳು ಅನ್ನಲಾಗದು. ಮಗಳು ಮಾತ್ರ ಕುಣಿಯಲಿಲ್ಲ. ಹೊಗೆಗೊಳವೆಯ ತುದಿ ನೋಡುತ್ತಾ ನಿಂತಿದ್ದಳು. ಅಲ್ಲಿ ಮೊದಲ ಬಾರಿಗೆ ಬರಿಯ ಆಕಾಶವಿತ್ತು.

ಗುಡ್ಡದಾಚೆ ಇನ್ನೊಂದು ಸ್ಥಾವರವಿತ್ತು. ಇದಕ್ಕಿಂತ ಹಳೆಯದು, ಇದಕ್ಕಿಂತ ಹೊಲಸು. ಅಲ್ಲಿಯವರು ಯಾವ ಕೆಲಸವನ್ನೂ ಹೇಳಿದ ದಿನ ಮಾಡಿದವರಲ್ಲ, ಮುಚ್ಚುವುದನ್ನೂ ಮಾಡಲಿಲ್ಲ. "ಅವಕ್ಕೆ ಪ್ಲಾಂಟ್ ಮುಚ್ಚೋಕೂ ಮೈಬಗ್ಗೋಲ್ಲ, ಮಕ್ಕಳ ಗತಿ ಏನು" ಎಂದು ಇಲ್ಲಿಯವರು ನಕ್ಕರು.

ಗುಡ್ಡದ ಮೇಲೆ ಗಾಳಿಯಂತ್ರದವರು ಬಂದು ಕೆಂಪು ಬಾವುಟ ನೆಟ್ಟು ಹೋದರು. ಬಾವುಟ ಚೆನ್ನಾಗಿಯೇ ಹಾರಾಡಿತು, ಗಾಳಿಗೇನೂ ಬರವಿರಲಿಲ್ಲ. ಬೇಸಿಗೆ ಬಂತು. ಆ ಬೇಸಿಗೆ ದೇಶಕ್ಕೆ ಕರೆಂಟು ಸಾಲಲಿಲ್ಲ. ಪಟ್ಟಣಗಳು ಕತ್ತಲಾದವು, ಜನ ಬೀದಿಗಿಳಿದರು, ಮತ್ತು ಯೋಜನೆ ಇನ್ನೊಂದು ಹೊಸ ರಟ್ಟು ಹೊದ್ದುಕೊಂಡಿತು.

ಸುದ್ದಿ ತಂದವನು ರೇಡಿಯೋನೇ. ಈ ಸಲ ಅವನು ಕುರ್ಚಿ ಎಳೆದುಕೊಂಡು ಕೂತ. ನೀರು ಕೇಳಿದ. ಮೇಸ್ತ್ರಿಗೆ ಅಲ್ಲೇ ಅರ್ಥವಾಯಿತು.

"ಉರೀತಿರೋ ಪ್ಲಾಂಟ್‌ಗಳನ್ನೆಲ್ಲ ಇನ್ನೂ ಹತ್ತು ವರ್ಷ ಉರಿಸ್ತಾರಂತೆ ಭಾವ. ರಿಪೇರಿ ಮಾಡಿ, ಅಲ್ಲಿಯ ಹುಡುಗ್ರನ್ನೇ ಕೆಲ್ಸಕ್ಕೆ ತಗೊಂಡು. ಗುಡ್ಡದಾಚೆಯೋರ್ಗೆ ಹಬ್ಬ. ನಿಂತಿರೋ ಪ್ಲಾಂಟ್‌ಗಳನ್ನ ಲೆಕ್ಕದಿಂದ ತೆಗೆದ್ರಂತೆ."

"ಫ್ಯಾನು?" ಎಂದ ಮೇಸ್ತ್ರಿ. ಗಾಳಿಯಂತ್ರವನ್ನು ಅವನು ಹಾಗೇ ಕರೆಯುತ್ತಿದ್ದ.

"ಕರೆಂಟು ಸಾಗಿಸೋ ನಮ್ಮ ತಂತೀನ ಗುಡ್ಡದಾಚೆಗೆ ಕೊಟ್ಬಿಟ್ರು. ಇನ್ನು ಫ್ಯಾನು ಯಾಕೆ?"

ಹೆಂಡತಿ ರೇಡಿಯೋ ಕೇಳಿದ್ದ ನೀರು ತಂದಿಟ್ಟು ಒಳಗೆ ಹೋದಳು. ನಾನು ಹೇಳಿರಲಿಲ್ಲವೇ ಎಂದಿದ್ದರೆ ವಾಸಿಯಿತ್ತು. ಮೇಸ್ತ್ರಿ ಮಗಳಿಗಾಗಿ ಕಣ್ಣಾಡಿಸಿದ. ಅವಳು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ರೇಡಿಯೋ ಎದ್ದು ಹೋದ ಮೇಲೆ ಬಂದು ಅಪ್ಪನ ಪಕ್ಕ ಕೂತಳು.

"ನಿನ್ನನ್ನ ಕೇಳ್ದೇ ಮಾಡ್ಬಿಟ್ಟೆ ಕಣೇ ಮಗಳೇ."

"ಕೇಳಿದ್ರೆ ನಾನೂ ಆರಿಸು ಅಂತಲೇ ಅಂತಿದ್ದೆ ಅಪ್ಪ" ಎಂದಳು ಅವಳು. "ಅದಕ್ಕೇ ನಿನ್ನ ಮೇಲೆ ಸಿಟ್ಟು ಮಾಡ್ಕೊಳೋಕೂ ಆಗ್ತಿಲ್ಲ."

ಮೇಸ್ತ್ರಿಗೆ ಅಳು ಬಂತು. ಅವಳು ಬೈದಿದ್ದರೆ, ತಟ್ಟೆ ಎಸೆದಿದ್ದರೆ ಅವನಿಗೆ ಒಂದಿಷ್ಟು ನೆಮ್ಮದಿಯಾಗುತ್ತಿತ್ತು. ಅದನ್ನು ಕಾಲೊನಿಯವರು ಅವಳ ಬದಲಿಗೆ ಮಾಡಿದರು. ಹೆಗಲ ಮೇಲೆ ಹೊತ್ತವರೇ ಈಗ ಅವನನ್ನು ಕಂಡರೆ ರಸ್ತೆ ದಾಟತೊಡಗಿದರು. ಗೆದ್ದೆತ್ತಿನ ಬಾಲ ಹಿಡಿಯುವವರು ಸೋತೆತ್ತಿಗೆ ಹುಲ್ಲು ಹಾಕುತ್ತಾರೆಯೇ? ಟೀ ಮೂಲೆಯಲ್ಲಿ ಕಣ್ಣು ಒದ್ದೆ ಮಾಡಿಕೊಂಡಿದ್ದವನೊಬ್ಬ "ಮಗಳಿಗೋಸ್ಕರ ಊರಿನ ಒಲೆ ಆರಿಸಿದ" ಎಂದು ಅಂಗಡಿಯ ಮುಂದೆ ಎಲ್ಲರಿಗೂ ಕೇಳುವಂತೆ ಹೇಳಿದ. ಹೇಳಿದವನ ಮಗನೂ ಕೆಲಸವಿಲ್ಲದೆ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ.

ಆಗ ರೇಡಿಯೋ ಇನ್ನೊಂದು ಸುದ್ದಿ ತಂದ. ತಿಂಗಳ ಕೊನೆಯೊಳಗೆ ಉರಿಯುತ್ತಿರುವುದನ್ನು ತೋರಿಸಿದರೆ ಈ ಸ್ಥಾವರವನ್ನೂ ಉರಿಯುವವುಗಳ ಸಾಲಿಗೆ ಸೇರಿಸಿಕೊಂಡು ತಂತಿಯನ್ನೂ ಹಿಂದಕ್ಕೆ ಕೊಡುತ್ತಾರಂತೆ.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಮೇಸ್ತ್ರಿಗೆ ಮೊದಲನೇ ಬಾಯ್ಲರಿನ ಗತಿ ಗೊತ್ತಿತ್ತು. ಗೊತ್ತಿದ್ದೂ ಬಾಯ್ಲರ್ ಮನೆಯ ಬೀಗ ತೆಗೆಸಿದ. ಮ್ಯಾನೇಜರರು "ನಾನು ನೋಡಿಲ್ಲ" ಎಂದು ಹೇಳಿ, ಬೀಗದ ಕೈ ಮೇಜಿನ ಮೇಲೆ ಬಿಟ್ಟು ಒಳಗೆ ಹೋದರು. ರಸ್ತೆ ದಾಟುತ್ತಿದ್ದವರೆಲ್ಲ ತಲೆ ತಗ್ಗಿಸಿಕೊಂಡು ಬಂದು ಸೇರಿದರು. ಹುಡುಗರು ಸೌದೆ ಹೊತ್ತರು. ಕಲ್ಲಿದ್ದಲಿಗೆ ಮೊದಲು ಸೌದೆಯ ಸಣ್ಣ ಉರಿ, ಅದೂ ದಿನಗಟ್ಟಲೆ, ಕೊಳವೆಗಳಿಗೆ ಗೊತ್ತಾಗದಂತೆ ಬಿಸಿ ಏರಬೇಕು. ಮಗಳು ಪಟ್ಟಿ ಬಿಗಿದುಕೊಂಡು ಮೇಲೆ ನೀರಿನ ಡ್ರಮ್ಮಿನ ಬಳಿ ನಿಂತು ಮಟ್ಟ ನೋಡಿ ಕೂಗಿ ಹೇಳುತ್ತಿದ್ದಳು. ಅವಳ ದನಿಯಲ್ಲಿ ಎಷ್ಟೋ ದಿನಗಳ ಮೇಲೆ ಗೆಲುವಿತ್ತು. ಅದನ್ನು ಕೇಳುತ್ತಾ ಮೇಸ್ತ್ರಿ ಒಲೆಗೆ ಸೌದೆ ಇಡುತ್ತಿದ್ದ. ಅವನ ಬದುಕಿನಲ್ಲಿ ಅಷ್ಟು ಭಯದ, ಅಷ್ಟು ಸುಖದ ದಿನಗಳು ಬೇರೆ ಇರಲಿಲ್ಲ.

ನೀರು ಹಬೆಯಾಗತೊಡಗಿದ ಬೆಳಿಗ್ಗೆ ಗೋಡೆಯೊಳಗೆ ಎಲ್ಲೋ ಟಕ್ ಎಂದಿತು. ಎಲ್ಲರೂ ಕೆಲಸ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು, ಇನ್ನೂ ಮೇಲೆ. ಆಮೇಲೆ ಒಲೆಯೊಳಗೆ ನೀರು ಬಿದ್ದು ಚುಂಯ್ ಎಂದ ಸದ್ದು.

"ಹೊರಗೆ! ಎಲ್ರೂ ಹೊರಗೆ!" ಎಂದು ಮೇಸ್ತ್ರಿ ಕೂಗಿದ. "ಏ ಮಗಳೇ, ಇಳಿ! ಇಳಿಯೇ!"

ಅವಳು ಇಳಿದು ಬಂದು ಅವನನ್ನು ದಾಟಿ ಹೊರಗೆ ಹೋಗುವವರೆಗೂ ಅವನು ಕದಲಲಿಲ್ಲ. ಆಮೇಲೆ ಉದ್ದನೆಯ ಕೊಕ್ಕೆಯಿಂದ ಒಲೆಯ ಕೆಂಡವನ್ನೆಲ್ಲ ಹೊರಗೆಳೆದು ನೀರು ಸುರಿದ. ಒಳಗೆ ಕೊಳವೆಗಳು ಬಿರಿಯುವ ಸದ್ದು ಮಧ್ಯಾಹ್ನದವರೆಗೂ ಕೇಳುತ್ತಿತ್ತು. ಅಂಗಳದಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಮುಂಚೆ ಬೈದದ್ದು ಒಳಗೊಳಗೆ ಇನ್ನೂ ಆಸೆ ಇದ್ದದ್ದರಿಂದ ಇರಬೇಕು.

ಮಗಳ ಇಪ್ಪತ್ತೆಂಟು ಯಾವತ್ತು ತುಂಬಿತೋ ಮನೆಯಲ್ಲಿ ಯಾರೂ ಎತ್ತಿ ಆಡಲಿಲ್ಲ. ಅವಳ ಜೊತೆಯವರು ಕೆಲವರು ದೂರದ ಪಟ್ಟಣಗಳಿಗೆ ಹೋದರು, ಹೋದಷ್ಟೇ ಬೇಗ ಬರಿಗೈಯಲ್ಲಿ ಬಂದರು. ಫ್ಯಾನು ತೋರಿಸಿ ಪಾಠ ಮಾಡಿದ್ದ ಮಾಸ್ತರಿಗೂ ಕೆಲಸ ಹೋಯಿತು. ಗೇಟಿನ ಪಕ್ಕದ ಚಿತ್ರವನ್ನು ಯಾರೋ ಕಿತ್ತು ಕೋಳಿಗೂಡಿನ ಮೇಲೆ ಹೊದೆಸಿದರು.

ಮಳೆಗಾಲ ಕಳೆದ ಮೇಲೆ ಗುಜರಿ ಗುತ್ತಿಗೆದಾರ ಬಂದ. ಸ್ಥಾವರವನ್ನು ಒಡೆದು ಕಬ್ಬಿಣ ಮಾರುವ ಗುತ್ತಿಗೆ ಅವನದು. ದಪ್ಪ ಮನುಷ್ಯ, ನಗುಮುಖ, ಕೆಟ್ಟವನಲ್ಲ. ಎತ್ತರಕ್ಕೆ ಹತ್ತಿ ಉಕ್ಕು ಕೊಯ್ಯಬಲ್ಲವರು ಬೇಕು ಎಂದ. ಕಾಲೊನಿಯಲ್ಲಿ ಅಂಥವರಿಗೆ ಕೊರತೆಯೇ? ದೇಶವೇ ಖರ್ಚು ಮಾಡಿ ಕಲಿಸಿಟ್ಟಿತ್ತು. ಎಲ್ಲರಿಗಿಂತ ಮೊದಲು ಕೈಯೆತ್ತಿದವಳು ಮೇಸ್ತ್ರಿಯ ಮಗಳು.

ಮೇಸ್ತ್ರಿ ಬಾಯ್ಲರ್ ಮನೆಯ ಕಡೆ ತಲೆಹಾಕಲಿಲ್ಲ. ಒಡೆಯುವ ಸದ್ದು ಕೇಳದಿರಲಿ ಎಂದು ಮನೆಯ ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದ. ಒಂದು ಸಂಜೆ ಮಗಳು ಮುಖದ ತುಂಬ ಮಸಿ ಮೆತ್ತಿಕೊಂಡು ಬಂದು, ಕೈ ತೊಳೆಯುತ್ತಾ ಕೇಳಿದಳು.

"ಅಪ್ಪ, ನಾಳೆ ಡ್ರಮ್ಮು ಇಳಿಸ್ಬೇಕು. ಯಾವ ಕಡೆಯಿಂದ ಕೊಯ್ಯಬೇಕು?"

ಮರುದಿನ ಬೆಳಿಗ್ಗೆ ಮೇಸ್ತ್ರಿ ಅವಳಿಗಿಂತ ಮುಂಚೆ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ನಿಂತಿದ್ದ. ಬಾಯ್ಲರ್ ನೆಲದ ಮೇಲೆ ಕೂತಿರುವ ವಸ್ತುವಲ್ಲ, ಮೇಲಿನ ತೊಲೆಗಳಿಂದ ಉಕ್ಕಿನ ಸರಳುಗಳಲ್ಲಿ ತೂಗುಬಿದ್ದಿರುತ್ತದೆ. ತಪ್ಪಾದ ಸರಳು ಮೊದಲು ಕೊಯ್ದರೆ ಇಡೀ ಡ್ರಮ್ಮು ಕೊಯ್ದವರ ಮೇಲೇ ವಾಲುತ್ತದೆ. ಅವನು ಮಗಳ ಹಿಂದೆ ಏಣಿ ಹತ್ತಿ, ಯಾವುದು ಮೊದಲು ಯಾವುದು ಕೊನೆಗೆ ಎಂದು ಸುಣ್ಣದಿಂದ ಒಂದೊಂದಕ್ಕೂ ಗುರುತು ಹಾಕಿದ. ಅವಳ ಕೊಕ್ಕೆ ಗಟ್ಟಿಯಾಗಿದೆಯೇ ಎಂದು ತಾನೇ ಎಳೆದು ನೋಡಿದ. ಆಮೇಲೆ ಕೆಳಗಿಳಿದು ನಿಂತು ನೋಡಿದ. ಅವಳು ಸುಣ್ಣದ ಗುರುತಿನ ಸಾಲು ತಪ್ಪದೆ ಒಂದೊಂದೇ ಸರಳು ಕೊಯ್ದಳು. ಮಧ್ಯಾಹ್ನದ ಹೊತ್ತಿಗೆ ಡ್ರಮ್ಮು ಕ್ರೇನಿನಲ್ಲಿ ತೂಗುತ್ತಾ ಬಂದು ಅಂಗಳದಲ್ಲಿ ಮೆತ್ತಗೆ ಕೂತಿತು. ಮೇಸ್ತ್ರಿಗೆ ತನ್ನ ಎದೆಯಲ್ಲಿ ಎದ್ದದ್ದು ಸಂಕಟವೋ ಹೆಮ್ಮೆಯೋ ಗೊತ್ತಾಗಲಿಲ್ಲ. ಹೆಮ್ಮೆಯೇ ಆಗಿತ್ತು, ಅದಕ್ಕೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಗುತ್ತಿಗೆದಾರ ಚಪ್ಪಾಳೆ ತಟ್ಟಿದ. "ಏನ್ ಕೈಯಮ್ಮ ನಿಂದು! ಇನ್ಮೇಲೆ ನಾನು ಎಲ್ಲಿ ಪ್ಲಾಂಟ್ ಒಡೆದ್ರೂ ನೀನೇ ಬರ್ಬೇಕು. ಆರು ಊರಿನ ಗುತ್ತಿಗೆಗೆ ಮಾತಾಡಿಟ್ಟಿದೀನಿ."

ಮಗಳು ಹೆಲ್ಮೆಟ್ಟು ತೆಗೆದು ಬೆವರು ಒರೆಸಿಕೊಂಡಳು. ಕೆಲಸ ಸಿಕ್ಕವರ ಮುಖ ಅವಳದ್ದು. ಆ ಮುಖವನ್ನು ಕಾಣಲೆಂದೇ ಅಪ್ಪ ಇಷ್ಟೆಲ್ಲ ಮಾಡಿದ್ದು.

"ಯಾವಾಗ ಹೊರಡೋದು?" ಎಂದು ಕೇಳಿದಳು.

"ಅದೇ ತೊಂದ್ರೆ. ಅಲ್ಲೆಲ್ಲ ಇನ್ನೂ ಉರೀತಿದೆ. ಹತ್ತು ವರ್ಷ ಉರಿಸ್ತೀವಿ ಅಂತ ಯೋಜನೇಲಿ ಹೇಳಿದಾರೆ. ಅವ್ರು ನಿಲ್ಲಿಸೋವರ್ಗೂ ಕಾಯ್ಬೇಕು."

"ಅಷ್ಟೆಲ್ಲ ಕಾಯೋದು ಬೇಡ ಸಾರ್" ಎಂದಳು ಅವಳು, ಕೊಕ್ಕೆಯ ಪಟ್ಟಿ ಸುತ್ತಿಡುತ್ತಾ. "ಅಲ್ಲೂ ಅಪ್ಪಂದಿರು ಇರ್ತಾರಲ್ಲ. ಬೇಗ ಆರಿಸ್ತಾರೆ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅಪ್ಪ ಹಿಂದೆಯೇ ನಿಂತಿರುವುದೂ ಅವಳಿಗೆ ಗೊತ್ತಿರಲಿಲ್ಲ. ಮೇಸ್ತ್ರಿ ಕೈಗೆ ಮೆತ್ತಿದ್ದ ಸುಣ್ಣವನ್ನು ಪಂಚೆಗೆ ಒರೆಸಿಕೊಂಡು, ಸದ್ದಾಗದಂತೆ ಅಲ್ಲಿಂದ ಮನೆಯ ಕಡೆ ನಡೆದ.